ಆಪ್ಷನಲ್ ಇಂಗ್ಲಿಷ್ ಓದಿದ ಮೇಲೆ: ಮಲೆನಾಡಿನ ಪದವೀಧರರ ಮುಂದಿರುವ ದಾರಿಗಳ ಲೆಕ್ಕ

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಕಾಲೇಜುಗಳಲ್ಲಿ ಬಿ.ಎ. ಸೇರಿ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಜೊತೆಗಿಟ್ಟುಕೊಂಡು ಆಪ್ಷನಲ್ ಇಂಗ್ಲಿಷ್, ಅಂದರೆ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡವರಿಗೆ ಮೊದಲ ಎರಡು ವರ್ಷ ಮನೆಯಲ್ಲೂ ಊರಿನಲ್ಲೂ ತುಸು ಹೆಚ್ಚಿನ ಮರ್ಯಾದೆಯೇ ಸಿಗುತ್ತದೆ. ‘ಇಂಗ್ಲಿಷ್ ಓದ್ತಿದಾಳೆ, ಕೆಲಸಕ್ಕೇನು ಬರ’ ಎನ್ನುವವರೇ ಐದನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ‘ಮುಂದೇನು ಮಾಡ್ತೀಯೆ’ ಎಂದು ಕೇಳತೊಡಗುತ್ತಾರೆ. ನರ್ಸಿಂಗ್ ಓದಿದವರ ಪದವಿಯಲ್ಲೇ ಅವರ ಕೆಲಸದ ಹೆಸರೂ ಇರುತ್ತದೆ. ಇಂಗ್ಲಿಷ್ ಪದವಿಗೆ ಅಂಥ ನೇರ ನಂಟು ಯಾವ ಹುದ್ದೆಯೊಂದಿಗೂ ಇಲ್ಲ. ಈ ಪದವಿಯಿಂದ ಹೊರಡುವ ಪ್ರತಿಯೊಂದು ದಾರಿಯೂ ಪದವಿಯ ಜೊತೆಗೆ ಇನ್ನೊಂದನ್ನು ಕೇಳುತ್ತದೆ. ಅದು ಮತ್ತೊಂದು ಪದವಿಯಾಗಿರಬಹುದು, ಅರ್ಹತಾ ಪರೀಕ್ಷೆಯಾಗಿರಬಹುದು, ಮಾಡಿ ತೋರಿಸಬಲ್ಲ ಕೆಲಸವೂ ಆಗಿರಬಹುದು. ಆ ಇನ್ನೊಂದು ಯಾವುದು, ಅದಕ್ಕೆ ಎಷ್ಟು ವರ್ಷ ತಗಲುತ್ತದೆ ಎಂಬುದನ್ನು ಕೊನೆಯ ವರ್ಷದಲ್ಲೇ ಕೂತು ಲೆಕ್ಕ ಹಾಕದಿದ್ದರೆ ದಾರಿಯನ್ನು ನಾವು ಆರಿಸುವುದಿಲ್ಲ, ಮನೆಯಿಂದ ಹೊರಡುವ ಬಸ್ಸು ಆರಿಸುತ್ತದೆ.

ಪದವೀಧರರನ್ನು ಕೇಳುವ ಕೆಲಸಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ‘ಯಾವುದೇ ಪದವಿ’ ಸಾಕೆನ್ನುವ ಪ್ರಥಮ ದರ್ಜೆ ಸಹಾಯಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬ್ಯಾಂಕ್ ಅಧಿಕಾರಿ, ಕೆಎಎಸ್‌ನಂಥ ಹುದ್ದೆಗಳಲ್ಲಿ ಇಂಗ್ಲಿಷ್ ಓದಿದವರೂ ರಸಾಯನಶಾಸ್ತ್ರ ಓದಿದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ‘ಇಂಥ ವಿಷಯದಲ್ಲಿ ಪದವಿ’ ಎನ್ನುವ ಶಿಕ್ಷಕ, ಉಪನ್ಯಾಸಕ ಹುದ್ದೆಗಳಲ್ಲಿ ಮಾತ್ರ ಇಂಗ್ಲಿಷ್ ಪದವಿಗೆ ಅದರದೇ ಬೆಲೆಯಿದೆ. ಇನ್ನು ಅನುವಾದ, ಪತ್ರಿಕೆಯ ಡೆಸ್ಕು, ಪಠ್ಯ ಸಂಪಾದನೆ, ಕಂಪನಿಗಳ ಬರವಣಿಗೆಯ ಕೆಲಸಗಳಲ್ಲಿ ಪದವಿ ಪತ್ರವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು ‘ಒಂದು ಪುಟ ಬರೆದು ತೋರಿಸಿ’ ಎನ್ನುತ್ತಾರೆ. ಬಹುಪಾಲು ವಿದ್ಯಾರ್ಥಿಗಳು ಮೂರಕ್ಕೂ ಏಕಕಾಲಕ್ಕೆ ಅರ್ಧರ್ಧ ತಯಾರಿ ನಡೆಸುತ್ತಾರೆ. ಮೂರಕ್ಕೂ ಬೇಕಾದ ಅಭ್ಯಾಸ ಬೇರೆ ಬೇರೆಯಾದ್ದರಿಂದ ಆ ತಯಾರಿ ಯಾವುದಕ್ಕೂ ಪೂರ್ತಿ ಒದಗುವುದಿಲ್ಲ.

ಇಲ್ಲಿ ಒಂದು ಅಪ್ರಿಯ ಮಾತನ್ನು ಹೇಳಲೇಬೇಕು. ಆಪ್ಷನಲ್ ಇಂಗ್ಲಿಷ್‌ನಲ್ಲಿ ಒಳ್ಳೆಯ ಅಂಕ ಬಂದಿದೆ ಎಂದ ಮಾತ್ರಕ್ಕೆ ಇಂಗ್ಲಿಷ್ ಬರುತ್ತದೆ ಎಂದು ಅರ್ಥವಲ್ಲ. ಪಠ್ಯಕ್ರಮ ಕಲಿಸುವುದು ಸಾಹಿತ್ಯದ ಚರಿತ್ರೆಯನ್ನು, ಕವಿತೆ ನಾಟಕ ಕಾದಂಬರಿಗಳ ಓದನ್ನು, ಒಂದಷ್ಟು ವಿಮರ್ಶೆಯ ಪರಿಭಾಷೆಯನ್ನು. ಇವೆಲ್ಲ ಬೆಲೆಯುಳ್ಳವೇ. ಆದರೆ ಪರೀಕ್ಷೆಯ ಉತ್ತರಗಳನ್ನು ನೋಟ್ಸ್‌ನಿಂದ ಬಾಯಿಪಾಠ ಮಾಡಿ ಬರೆದವರಿಗೆ, ಕಚೇರಿಗೆ ಬಂದ ದೂರೊಂದನ್ನು ಓದಿ ಅದರ ಸಾರವನ್ನು ಎಂಟು ಸಾಲಿನಲ್ಲಿ ಸ್ವಂತ ಇಂಗ್ಲಿಷ್‌ನಲ್ಲಿ ಬರೆಯುವ ಪ್ರಸಂಗ ಮೂರು ವರ್ಷದಲ್ಲಿ ಒಮ್ಮೆಯೂ ಬಂದಿರುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಲೆನಾಡಿನ ಹುಡುಗ ಹುಡುಗಿಯರು ಇದನ್ನು ತಮ್ಮ ಹಿನ್ನೆಲೆಯ ದೋಷವೆಂದು ತಿಳಿದು ಕುಗ್ಗುತ್ತಾರೆ. ಅದು ಹಿನ್ನೆಲೆಯ ದೋಷವಲ್ಲ, ಅಭ್ಯಾಸದ ಕೊರತೆ. ನಗರದ ಇಂಗ್ಲಿಷ್ ಮಾಧ್ಯಮದಿಂದ ಬಂದು ಸರಾಗವಾಗಿ ಮಾತನಾಡುವ ಎಷ್ಟೋ ಮಂದಿಗೂ ನಾಲ್ಕು ವಾಕ್ಯಗಳನ್ನು ಒಂದಕ್ಕೊಂದು ಹೊಂದುವಂತೆ ಬರೆಯಲು ಬರುವುದಿಲ್ಲ. ದಿನಕ್ಕೆ ಒಂದು ಪುಟದಂತೆ, ಯಾರ ನೋಟ್ಸನ್ನೂ ನೋಡದೆ, ಅಂದು ಓದಿದ ಸುದ್ದಿಯನ್ನೋ ಪಾಠವನ್ನೋ ಬರೆದು, ತಿದ್ದಬಲ್ಲ ಒಬ್ಬ ಅಧ್ಯಾಪಕರಿಗೆ ವಾರಕ್ಕೊಮ್ಮೆ ತೋರಿಸುವ ರೂಢಿಯನ್ನು ಐದನೆಯ ಸೆಮಿಸ್ಟರ್‌ನಲ್ಲಿ ಆರಂಭಿಸಿದರೆ, ಮುಂದೆ ಯಾವ ದಾರಿ ಹಿಡಿದರೂ ಅದು ಕೈಬಿಡುವುದಿಲ್ಲ.

ಬೋಧನೆಯ ದಾರಿಯನ್ನು ವಿವರವಾಗಿ ನೋಡೋಣ. ನಮ್ಮ ಕಡೆಯ ಇಂಗ್ಲಿಷ್ ವಿದ್ಯಾರ್ಥಿಗಳ ಮನಸ್ಸು ಮೊದಲು ಹೋಗುವುದು ಅತ್ತಲೇ. ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು, 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಆದ್ದರಿಂದ ಇಂಗ್ಲಿಷ್ ಕಲಿಸಬಲ್ಲವರ ಅಗತ್ಯ ಇರುವುದು ನಿಜ. ಆದರೆ ಅಗತ್ಯಕ್ಕೂ ನೇಮಕಾತಿಗೂ ನಡುವೆ ಹಲವು ಮೆಟ್ಟಿಲುಗಳಿವೆ. ಮೊದಲನೆಯದು ಬಿ.ಇಡಿ. ಒಂದು ವರ್ಷವಿದ್ದ ಈ ಶಿಕ್ಷಣ 2015ರಿಂದ ಎರಡು ವರ್ಷದ್ದಾಗಿದೆ. ಪ್ರವೇಶಕ್ಕೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 50 ಅಂಕ ಬೇಕು. ಬಿ.ಎ.ಯಲ್ಲಿ ಶೇ 48ಕ್ಕೆ ನಿಂತವರು ಇದನ್ನು ಫಲಿತಾಂಶ ಬಂದ ಮೇಲೆ ತಿಳಿದುಕೊಂಡರೆ ಆಗ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಐದನೆಯ ಸೆಮಿಸ್ಟರ್‌ನಲ್ಲಿ ತಿಳಿದರೆ ಹಳೆಯ ಪತ್ರಿಕೆಗಳನ್ನು ಮತ್ತೆ ಬರೆದು ಸುಧಾರಿಸಿಕೊಳ್ಳಲು ವಿಶ್ವವಿದ್ಯಾಲಯದ ನಿಯಮದಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಬಹುದು.

ಎರಡನೆಯ ಮೆಟ್ಟಿಲು ಶಿಕ್ಷಕರ ಅರ್ಹತಾ ಪರೀಕ್ಷೆ, ಎಲ್ಲರೂ ಟಿಇಟಿ ಎನ್ನುವುದು ಇದನ್ನೇ. ಆರರಿಂದ ಎಂಟನೆಯ ತರಗತಿಗೆ ಕಲಿಸುವವರು ಎರಡನೆಯ ಪತ್ರಿಕೆಯನ್ನು ಬರೆಯಬೇಕು. ಒಟ್ಟು 150 ಅಂಕ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ ಬಂದರೆ ಅರ್ಹತೆ. ಇಂಗ್ಲಿಷ್ ವಿದ್ಯಾರ್ಥಿಗಳು ಎಡವುವುದು ಈ 150ರ ಹಂಚಿಕೆಯಲ್ಲಿ. ಮಕ್ಕಳ ಮನೋವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30, ಮೊದಲ ಭಾಷೆಗೆ 30, ಎರಡನೆಯ ಭಾಷೆಗೆ 30. ಉಳಿದ 60 ಅಂಕ ಗಣಿತ–ವಿಜ್ಞಾನಕ್ಕೆ ಅಥವಾ ಸಮಾಜ ವಿಜ್ಞಾನಕ್ಕೆ. ಭಾಷಾ ಶಿಕ್ಷಕರಾಗಬೇಕೆಂದು ಹೊರಟವರೂ ಈ 60 ಅಂಕದ ಭಾಗವನ್ನು ಬರೆಯಲೇಬೇಕಾಗುವುದರಿಂದ, ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಅದು ಒದಗುವುದು 30 ಅಂಕಕ್ಕೆ. ಬಿ.ಎ.ಯಲ್ಲಿ ಇತಿಹಾಸ, ರಾಜ್ಯಶಾಸ್ತ್ರದ ಪತ್ರಿಕೆಗಳನ್ನು ‘ಜೊತೆಗಿರುವ ವಿಷಯ’ ಎಂದು ತೇಲಿಸಿ ಓದಿದವರು ಅವುಗಳನ್ನೇ ಆರರಿಂದ ಹತ್ತನೆಯ ತರಗತಿಯ ಪಠ್ಯಪುಸ್ತಕಗಳ ಮಟ್ಟದಲ್ಲಿ ಮತ್ತೆ ಓದಬೇಕಾಗಿ ಬರುವುದು ಈ ಕಾರಣಕ್ಕೆ. ಒಂದು ಸಮಾಧಾನವೆಂದರೆ, ಹಿಂದೆ ಏಳು ವರ್ಷಕ್ಕೆ ಮುಗಿಯುತ್ತಿದ್ದ ಟಿಇಟಿ ಪ್ರಮಾಣಪತ್ರದ ಮಾನ್ಯತೆಯನ್ನು 2021ರಲ್ಲಿ ಜೀವಿತಾವಧಿಗೆ ವಿಸ್ತರಿಸಲಾಗಿದೆ. ಒಮ್ಮೆ ಪಾಸಾದರೆ ಮತ್ತೆ ಬರೆಯುವ ಚಿಂತೆಯಿಲ್ಲ.

ಮೂರನೆಯದು ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆ, ಮತ್ತು ಅದಕ್ಕೆ ಕಾಯುವುದು. ಇದರ ಅಧಿಸೂಚನೆ ವರ್ಷವರ್ಷವೂ ಹೊರಡುವುದಿಲ್ಲ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಒಮ್ಮೆಲೇ ಅರ್ಜಿ ಕರೆದರು. ಪರೀಕ್ಷೆ ಮುಗಿದ ಮೇಲೆ ವಿವಾಹಿತ ಮಹಿಳಾ ಅಭ್ಯರ್ಥಿಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವಿವಾದ ಹೈಕೋರ್ಟಿಗೆ ಹೋಗಿ ನೇಮಕಾತಿ ತಡವಾಯಿತು. ಹೀಗಾಗಿ 21ನೆಯ ವಯಸ್ಸಿನಲ್ಲಿ ಬಿ.ಎ. ಮುಗಿಸಿದವರಿಗೆ 23ಕ್ಕೆ ಬಿ.ಇಡಿ. ಮುಗಿಯುತ್ತದೆ, ಆಮೇಲಿನ ಕಾಯುವಿಕೆ ಎಷ್ಟೆಂದು ಯಾರೂ ಹೇಳಲಾರರು. ಆ ನಡುವಿನ ವರ್ಷಗಳಲ್ಲಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುವುದು ಸಾಮಾನ್ಯ. ಸಂಬಳ ಕಡಿಮೆ, ದುಡಿತ ಹೆಚ್ಚು ಎಂಬುದು ಗೊತ್ತಿರುವ ಸಂಗತಿಯೇ. ಆದರೂ ಎರಡು ವರ್ಷ ನಿಜವಾದ ಮಕ್ಕಳ ಎದುರು ನಿಂತು ಇಂಗ್ಲಿಷ್ ಕಲಿಸಿದವರಿಗೆ ಬೋಧನಾ ಶಾಸ್ತ್ರದ ಪ್ರಶ್ನೆಗಳು ಪುಸ್ತಕದ ಪ್ರಶ್ನೆಗಳಾಗಿ ಉಳಿಯುವುದಿಲ್ಲ. ಸೇರುವ ಮುನ್ನ ಮೂಲ ದಾಖಲೆಗಳನ್ನು ಸಂಸ್ಥೆಯವರ ಬಳಿ ಬಿಟ್ಟು ಬರಬೇಕಾಗುತ್ತದೆಯೇ ಎಂಬುದನ್ನು ಕೇಳಿಕೊಳ್ಳಿ. ಹಾಗೆ ಕೇಳುವ ಕಡೆ ಸೇರದಿರುವುದೇ ಲೇಸು.

ಕಾಲೇಜಿನ ಅಧ್ಯಾಪಕರಾಗುವ ಆಸೆಯವರ ಲೆಕ್ಕ ಬೇರೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಶೇ 55 ಅಂಕಗಳ ಎಂ.ಎ. ಜೊತೆಗೆ ಬಿ.ಇಡಿ.ಯನ್ನೂ ಕೇಳುವುದರಿಂದ ಬಿ.ಎ. ನಂತರ ನಾಲ್ಕು ವರ್ಷ ಓದಿಗೇ ಬೇಕು. ಪದವಿ ಕಾಲೇಜಿಗೆ ಬಿ.ಇಡಿ. ಬೇಡ, ಬದಲಿಗೆ ಶೇ 55 ಅಂಕಗಳ ಎಂ.ಎ. ಮತ್ತು ರಾಷ್ಟ್ರೀಯ ಮಟ್ಟದ ನೆಟ್ ಅಥವಾ ರಾಜ್ಯ ಮಟ್ಟದ ಕೆ–ಸೆಟ್ ಪರೀಕ್ಷೆಯ ಅರ್ಹತೆ, ಇಲ್ಲವೇ ಪಿಎಚ್.ಡಿ. ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಅರ್ಹರಿಗೆ ಎಂ.ಎ. ಅಂಕದಲ್ಲಿ ಶೇ 5ರ ವಿನಾಯಿತಿಯಿದೆ. ನೆಟ್ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ನಡೆಯುತ್ತದೆ. ಬೋಧನೆ ಮತ್ತು ಸಂಶೋಧನೆಯ ಸಾಮಾನ್ಯ ಅರಿವನ್ನು ಅಳೆಯುವ ಮೊದಲ ಪತ್ರಿಕೆಗೆ 100 ಅಂಕ, ವಿಷಯದ ಪತ್ರಿಕೆಗೆ 200 ಅಂಕ, ಮೂರು ಗಂಟೆಯ ಒಂದೇ ಕೂರಿಕೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೆ–ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಅದರ ಅರ್ಹತೆ ರಾಜ್ಯದೊಳಗೆ ಮಾತ್ರ ನಡೆಯುತ್ತದೆ. ನೆಟ್‌ನಲ್ಲಿ ಇನ್ನೂ ಮೇಲಿನ ಅಂಕ ಗಳಿಸಿ ಕಿರಿಯ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಅಡಿಕೆ ಬೆಲೆಯ ಏರಿಳಿತವನ್ನೇ ನಂಬಿರುವ ಮನೆಯ ಮಗಳು ಮನೆಯವರ ಮುಂದೆ ಕೈಚಾಚದೆ ಪಿಎಚ್.ಡಿ. ಮಾಡಬಹುದಾದ ಗೌರವದ ದಾರಿಯಿದು. ಫೆಲೋಶಿಪ್‌ಗೆ ವಯಸ್ಸಿನ ಮಿತಿಯಿದೆ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ಇಲ್ಲ.

ಇಷ್ಟು ಹೇಳಿದ ಮೇಲೆ ಎಂ.ಎ. ಕುರಿತು ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾದ ಮೇಲೆ ಮಲೆನಾಡಿನ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೈಸೂರಿಗೋ ಧಾರವಾಡಕ್ಕೋ ಹೋಗದೆ ಸ್ನಾತಕೋತ್ತರ ಓದು ಸಾಧ್ಯವಾದದ್ದು ಸಣ್ಣ ಸಂಗತಿಯಲ್ಲ. ಆದರೆ ಓದು ಹತ್ತಿರವಾದಷ್ಟೂ ಯೋಚಿಸದೆ ಸೇರುವುದೂ ಸುಲಭವಾಗುತ್ತದೆ. ‘ಬೇರೆ ಏನೂ ತೋಚಲಿಲ್ಲ, ಎಂ.ಎ. ಸೇರಿದೆ’ ಎನ್ನುವವರಿಗೆ ಎರಡು ವರ್ಷದ ನಂತರ ಅದೇ ಪ್ರಶ್ನೆ ಇನ್ನಷ್ಟು ಬಿಗಿಯಾಗಿ ಎದುರಾಗುತ್ತದೆ. ಮೇಳಿಗೆಯ ಅನಂತಮೂರ್ತಿ, ಕೊನಗವಳ್ಳಿಯ ಲಂಕೇಶ್ ಇಬ್ಬರೂ ಇಂಗ್ಲಿಷ್ ಮೇಷ್ಟ್ರಾಗಿದ್ದರಲ್ಲವೇ ಎಂದು ಭಾಷಣಗಳಲ್ಲಿ ಉದಾಹರಿಸುವವರು, ಅವರ ಕಾಲದಲ್ಲಿ ಎಂ.ಎ. ಒಂದೇ ಅಧ್ಯಾಪಕನಾಗಲು ಸಾಕಾಗಿತ್ತೆಂಬುದನ್ನು ಮರೆಯುತ್ತಾರೆ. 1989ರಲ್ಲಿ ನೆಟ್ ಆರಂಭವಾದ ನಂತರದ ಲೆಕ್ಕವೇ ಬೇರೆ. ಎಂ.ಎ. ಸೇರುವುದಾದರೆ ಮೊದಲ ಸೆಮಿಸ್ಟರ್‌ನಿಂದಲೇ ನೆಟ್ ಪಠ್ಯಕ್ರಮವನ್ನು ಎದುರಿಗಿಟ್ಟುಕೊಂಡು ಓದಬೇಕು. ಸಾಹಿತ್ಯ ಪ್ರಕಾರಗಳ ಜೊತೆಗೆ ಭಾಷಾಶಾಸ್ತ್ರ, ವಿಮರ್ಶಾ ಸಿದ್ಧಾಂತ, ಸಂಸ್ಕೃತಿ ಅಧ್ಯಯನ, ಸಂಶೋಧನಾ ವಿಧಾನ ಎಲ್ಲವೂ ಅದರಲ್ಲಿವೆ. ಹೊರಗೆ ಹೋಗುವ ಧೈರ್ಯವಿರುವವರು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಕಲಬುರ್ಗಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಸಂಸ್ಥೆಗಳ ಪ್ರವೇಶ ಪ್ರಕ್ರಿಯೆಯನ್ನು ಕೊನೆಯ ವರ್ಷದ ಮಧ್ಯದಲ್ಲೇ ಗಮನಿಸಬೇಕು, ಬಿ.ಎ. ಫಲಿತಾಂಶದವರೆಗೆ ಕಾದರೆ ಅರ್ಜಿಯ ದಿನಾಂಕ ಮುಗಿದಿರುತ್ತದೆ.

ಅತಿಥಿ ಉಪನ್ಯಾಸಕರ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಗ್ಲಿಷ್ ಎಲ್ಲ ವಿಭಾಗದವರಿಗೂ ಇರುವ ಭಾಷೆಯಾದ್ದರಿಂದ ಕಾರ್ಯಭಾರ ಹೆಚ್ಚು, ಹಾಗಾಗಿ ಅವಕಾಶಗಳೂ ಇವೆ. ಆದರೆ ಅದು ಆಯಾ ಶೈಕ್ಷಣಿಕ ವರ್ಷಕ್ಕೆ ಸೀಮಿತವಾದ ಕೆಲಸ, ಕಾಯಂ ಅಧ್ಯಾಪಕರು ವರ್ಗವಾಗಿ ಬಂದರೆ ಇಲ್ಲವಾಗುವ ಕೆಲಸ. ಅದನ್ನು ನೆಟ್ ಓದಿನ ನಡುವಿನ ಆಸರೆಯೆಂದು ಹಿಡಿದರೆ ಒಳ್ಳೆಯದು, ಬದುಕಿನ ನೆಲೆಯೆಂದು ಹಿಡಿದರೆ ಕಷ್ಟ.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇಂಗ್ಲಿಷ್ ಪದವಿ ಕೊಡುವ ಅನುಕೂಲವನ್ನು ಜನ ದೊಡ್ಡದು ಮಾಡಿ ಹೇಳುತ್ತಾರೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲೂ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲೂ ಇಂಗ್ಲಿಷ್ ಪತ್ರಿಕೆ ಪಾಸಾದರೆ ಸಾಕಾದ ಅರ್ಹತಾ ಪತ್ರಿಕೆ. ಅದರ ಅಂಕ ಶ್ರೇಯಾಂಕಕ್ಕೆ ಸೇರುವುದಿಲ್ಲ. ಯುಪಿಎಸ್‌ಸಿಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ 500 ಅಂಕಕ್ಕೆ ಆಯ್ದುಕೊಳ್ಳಬಹುದು, ಆದರೆ ಆ ದಾರಿ ಸಾಹಿತ್ಯವನ್ನು ನಿಜವಾಗಿ ಓದಿದವರಿಗೆ ಮಾತ್ರ. ನೇರ ಅನುಕೂಲ ಕಾಣುವುದು ಬ್ಯಾಂಕ್ ಪರೀಕ್ಷೆಗಳಲ್ಲಿ. ಅಲ್ಲಿನ ಇಂಗ್ಲಿಷ್ ಭಾಗ ನಮ್ಮವರಿಗೆ ಹಗುರ. ಉಳಿದ ಸ್ಪರ್ಧಿಗಳು ಅಲ್ಲಿ ಕಳೆದುಕೊಳ್ಳುವ ನಿಮಿಷಗಳನ್ನು ಉಳಿಸಿ ಗಣಿತಕ್ಕೆ ಕೊಡಬಹುದು. ಎಂಟನೆಯ ತರಗತಿಯಲ್ಲೇ ಗಣಿತಕ್ಕೆ ಕೈಮುಗಿದು ಇಂಗ್ಲಿಷ್ ಸೇರಿದವರ ಸಂಖ್ಯೆ ನಮ್ಮಲ್ಲಿ ದೊಡ್ಡದು. ಅಂಥವರು ಬ್ಯಾಂಕಿನ ಕನಸು ಕಾಣುವ ಮೊದಲು ಶೇಕಡಾವಾರು, ಅನುಪಾತ, ಸರಾಸರಿಗಳೊಂದಿಗೆ ರಾಜಿ ಮಾಡಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಅನುಕೂಲವೊಂದು ಮಲೆನಾಡಿನ ಹಳ್ಳಿಗಳಿಂದ ಬಂದವರ ಬಳಿ ಇರುತ್ತದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸಮತಲ ಮೀಸಲಾತಿ, ಅಂದರೆ ಪ್ರತಿ ವರ್ಗದ ಹುದ್ದೆಗಳೊಳಗೇ ಲೆಕ್ಕವಾಗುವ ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿರುವುದಕ್ಕೆ ನಿಗದಿತ ನಮೂನೆಯ ಪ್ರಮಾಣಪತ್ರಗಳನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದ ಬರೆಸಿಕೊಳ್ಳಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ರುಜುವೂ ಬೇಕು. ನಾಲ್ಕನೆಯ ತರಗತಿಯವರೆಗೆ ಒಂದು ಊರು, ಏಳರವರೆಗೆ ಇನ್ನೊಂದು, ಹೈಸ್ಕೂಲಿಗೆ ಮತ್ತೊಂದು ಎಂದು ಮೂರು ಶಾಲೆಗಳಲ್ಲಿ ಓದಿದವರು ಮೂರು ಕಡೆಯೂ ಹೋಗಬೇಕಾಗುತ್ತದೆ. ಮಕ್ಕಳಿಲ್ಲದೆ ಮುಚ್ಚಿಹೋದ ಶಾಲೆಗಳೂ ಮಲೆನಾಡಿನಲ್ಲಿ ಇರುವುದರಿಂದ ಅವುಗಳ ದಾಖಲೆ ಎಲ್ಲಿದೆಯೆಂದು ಹುಡುಕುವುದಕ್ಕೇ ದಿನಗಳು ಹಿಡಿಯಬಹುದು. ಅಧಿಸೂಚನೆ ಹೊರಟ ಮೇಲೆ ಮಳೆಗಾಲದಲ್ಲಿ ಹೊಸನಗರದ ಒಳ ಹಳ್ಳಿಯೊಂದಕ್ಕೆ ಈ ಕೆಲಸಕ್ಕಾಗಿ ಓಡುವುದಕ್ಕಿಂತ, ಐದನೆಯ ಸೆಮಿಸ್ಟರ್ ರಜೆಯಲ್ಲಿ ಮಾಡಿಸಿಡುವುದು ಜಾಣತನ.

ಕಾನೂನಿನ ದಾರಿಗೆ ಇಂಗ್ಲಿಷ್ ವಿದ್ಯಾರ್ಥಿಗಳು ಹೋಗುವುದು ಕಡಿಮೆ. ನನ್ನ ಮಟ್ಟಿಗೆ ಅದು ಕಣ್ತಪ್ಪಿದ ಒಳ್ಳೆಯ ದಾರಿ. ಯಾವುದೇ ಪದವಿಯ ನಂತರ ಮೂರು ವರ್ಷದ ಎಲ್‌ಎಲ್.ಬಿ. ಮಾಡಬಹುದು, ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45 ಅಂಕವಿದ್ದರೆ ಸಾಕು. ಶಿವಮೊಗ್ಗದಲ್ಲೇ ರಾಷ್ಟ್ರೀಯ ಶಿಕ್ಷಣ ಸಮಿತಿಯ ಕಾನೂನು ಕಾಲೇಜು ಇದೆ. ಸಾಕ್ಷಿಯ ಹೇಳಿಕೆ, ದಾವೆ ಪತ್ರ, ಪಂಚನಾಮೆಗಳು ಇಲ್ಲಿನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿರುತ್ತವೆ. ಅದೇ ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋದಾಗ ಸಂವಿಧಾನದ 348ನೆಯ ವಿಧಿಯಂತೆ ಅಲ್ಲಿನ ಕಲಾಪದ ಭಾಷೆ ಇಂಗ್ಲಿಷ್. ಒಂದು ಜಮೀನು ವ್ಯಾಜ್ಯದ ಕನ್ನಡ ಕಡತವನ್ನು ಓದಿ, ಅದರ ಒಂದು ಪದದ ಭಾರವೂ ಜಾರದಂತೆ ಇಂಗ್ಲಿಷ್‌ನಲ್ಲಿ ನಿರೂಪಿಸಬಲ್ಲ ಕಿರಿಯ ವಕೀಲರಿಗೆ ಯಾವ ಹಿರಿಯ ವಕೀಲರ ಕಚೇರಿಯಲ್ಲೂ ಜಾಗ ಸಿಗುತ್ತದೆ. ಒಂದು ಪಠ್ಯವನ್ನು ಸಾಲುಸಾಲಾಗಿ, ಅನುಮಾನದಿಂದ ಓದುವ ಅಭ್ಯಾಸ ಸಾಹಿತ್ಯದ ತರಗತಿಯಲ್ಲಿ ಬಂದಿದ್ದರೆ ಅದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಎರಡು ಭಾಷೆಗಳ ನಡುವಿನ ಈ ಕೆಲಸವೇ ಅನುವಾದ, ಪತ್ರಿಕೋದ್ಯಮಗಳಿಗೂ ತಳಹದಿ. ಇಂಗ್ಲಿಷ್ ಮಾತ್ರ ಬಲ್ಲವರು ದೇಶದ ತುಂಬ ಇದ್ದಾರೆ, ಅವರೊಂದಿಗೆ ಇಂಗ್ಲಿಷ್‌ನಲ್ಲೇ ಪೈಪೋಟಿಗಿಳಿಯುವುದು ಸಾಗರದ ಪದವೀಧರೆಗೆ ಲಾಭದ ಆಟವಲ್ಲ. ಕನ್ನಡವನ್ನೂ ಇಂಗ್ಲಿಷನ್ನೂ ಬರವಣಿಗೆಯ ಮಟ್ಟದಲ್ಲಿ ಸಮಸಮವಾಗಿ ಬಲ್ಲವರು ಕಡಿಮೆ. ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತ ಉಪಸಂಪಾದಕರ ಕೆಲಸದ ದೊಡ್ಡ ಪಾಲು ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯನ್ನು ಓದಿ ಕನ್ನಡದ ಸುದ್ದಿಯಾಗಿ ಬರೆಯುವುದು. ರಾಜ್ಯ ಸರ್ಕಾರಕ್ಕೆ ಭಾಷಾಂತರ ನಿರ್ದೇಶನಾಲಯವಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ 2008ರಿಂದ ರಾಷ್ಟ್ರೀಯ ಅನುವಾದ ಮಿಷನ್ ನಡೆಯುತ್ತಿದ್ದು, ಉನ್ನತ ಶಿಕ್ಷಣದ ಪಠ್ಯಗಳನ್ನು ಭಾರತೀಯ ಭಾಷೆಗಳಿಗೆ ತರುವ ಕೆಲಸ ಮಾಡುತ್ತಿದೆ. ಬೆಂಗಳೂರಿನ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ಅನುವಾದಕ್ಕೆಂದೇ ಇರುವ ಸಂಸ್ಥೆ. ಇವುಗಳಾಚೆಗೆ ಸ್ವಯಂಸೇವಾ ಸಂಸ್ಥೆಗಳ ವರದಿ, ಆನ್‌ಲೈನ್ ಪಾಠಗಳು, ಮೊಬೈಲ್ ಆ್ಯಪ್‌ಗಳ ಕನ್ನಡ, ವಿಡಿಯೊಗಳ ಅಡಿಬರಹ ಹೀಗೆ ಪದದ ಲೆಕ್ಕದಲ್ಲೋ ಪುಟದ ಲೆಕ್ಕದಲ್ಲೋ ಹಣ ಕೊಡುವ ಬಿಡಿ ಕೆಲಸಗಳಿವೆ.

ಯಂತ್ರಾನುವಾದ ಬಂದಿರುವಾಗ ಇದಕ್ಕೆಲ್ಲ ಭವಿಷ್ಯವಿದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸುಪ್ರೀಂ ಕೋರ್ಟ್ 2019ರಲ್ಲೇ ‘ಸುವಾಸ್’ ಎಂಬ ತಂತ್ರಾಂಶವನ್ನು ತೀರ್ಪುಗಳ ಅನುವಾದಕ್ಕೆ ಬಳಸತೊಡಗಿತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹದವಾದ, ಸಾಧಾರಣ ಇಂಗ್ಲಿಷ್ ಬರಹಕ್ಕೆ ಮನುಷ್ಯರನ್ನು ಹುಡುಕುವ ಅಗತ್ಯ ಕಡಿಮೆಯಾಗಿದೆ. ‘ಕಂಟೆಂಟ್ ರೈಟಿಂಗ್’ ಎಂದು ಜಾಹೀರಾತುಗಳಲ್ಲಿ ಕಾಣುತ್ತಿದ್ದ ಕೆಳಹಂತದ ಬರವಣಿಗೆಯನ್ನೇ ನಂಬಿ ಬೆಂಗಳೂರಿಗೆ ಹೊರಡುವವರಿಗೆ ಇಂದು ನಾನು ಸಲಹೆ ಕೊಡಲಾರೆ. ಆದರೆ ಯಂತ್ರ ಬರೆದ ಕನ್ನಡವನ್ನು ಓದಿ ಎಲ್ಲಿ ಅರ್ಥ ತಪ್ಪಿದೆ, ಎಲ್ಲಿ ಕ್ರಿಯಾಪದ ಯಾರಿಗೆ ಸೇರಿದ್ದೆಂದು ತಿಳಿಯದಂತಾಗಿದೆ, ಎಲ್ಲಿ ಮಾತು ಇಂಗ್ಲಿಷ್‌ನ ಜಾಡಿನಲ್ಲೇ ನಡೆದಿದೆ ಎಂದು ಹಿಡಿಯಬಲ್ಲವರ ಕೆಲಸ ಹೆಚ್ಚುತ್ತಿದೆ. ತಿದ್ದುವವನಿಗೆ ಬರೆಯುವವನಿಗಿಂತ ಹೆಚ್ಚು ತಿಳಿದಿರಬೇಕು. ಹಾಗಾಗಿ ಯಂತ್ರದಿಂದ ಬರೆಸಿ ಅಸೈನ್‌ಮೆಂಟ್ ಒಪ್ಪಿಸುವ ವಿದ್ಯಾರ್ಥಿ, ತನ್ನ ಕೈಗೆ ಬರಬಹುದಾಗಿದ್ದ ಒಂದೇ ಕಸುಬನ್ನು ಕೈಯಾರೆ ಬಿಟ್ಟುಕೊಡುತ್ತಿದ್ದಾನೆ. ಇದಕ್ಕೆ ತಯಾರಿಯೆಂದರೆ ಮಾದರಿಗಳನ್ನು ಕೂಡಿಡುವುದು. ಒಂದು ಸರ್ಕಾರಿ ಸುತ್ತೋಲೆ, ಒಂದು ವಿಜ್ಞಾನ ಲೇಖನ, ಒಂದು ಸಂದರ್ಶನ, ಒಂದು ಸಣ್ಣಕತೆ, ಹೀಗೆ ಬೇರೆ ಬೇರೆ ಬಗೆಯ ಐದಾರು ಪಠ್ಯಗಳನ್ನು ಅನುವಾದಿಸಿ, ಮೂಲದೊಂದಿಗೆ ಜೋಡಿಸಿ ಇಟ್ಟುಕೊಂಡರೆ ಕೆಲಸ ಕೇಳಲು ಹೋದಾಗ ಅದೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಹೆಗ್ಗೋಡಿನ ಹೆಸರನ್ನೂ ಇಲ್ಲಿ ಹೇಳಬೇಕು. ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದೆ. ಅದು ಸಂಬಳದ ಹುದ್ದೆಗೆ ನೇರವಾಗಿ ಒಯ್ಯುವುದಿಲ್ಲ, ಆದರೆ ಕೋಣೆಯಲ್ಲಿ ಕೂತು ನಾಟಕ ಓದಿದ ವಿದ್ಯಾರ್ಥಿಗೆ ಒಂದು ಮಾತನ್ನು ಹತ್ತು ಬಗೆಯಲ್ಲಿ ಆಡುವುದು ಹೇಗೆಂದು ಅಲ್ಲಿ ತಿಳಿಯುತ್ತದೆ. ಮುಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರಿಗೆ ಇದು ಎಷ್ಟು ಉಪಯೋಗವೆಂಬುದನ್ನು ಹೇಳಬೇಕಾಗಿಲ್ಲ.

ಬೆಂಗಳೂರಿನ ಕಂಪನಿಗಳಲ್ಲಿ ಗ್ರಾಹಕ ಸೇವೆ, ದತ್ತಾಂಶ ಪರಿಶೀಲನೆ, ತರಬೇತಿ ಸಾಮಗ್ರಿ ತಯಾರಿಕೆಯಂಥ ಕೆಲಸಗಳಿಗೆ ಬಿ.ಎ. ಇಂಗ್ಲಿಷ್ ಆದವರನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿ ಮೊದಲು ನೋಡುವುದು ಫೋನಿನಲ್ಲಿ ತಡವರಿಸದೆ ಮಾತನಾಡುವುದನ್ನು. ಬರವಣಿಗೆ ಬಲ್ಲವರು ಆಮೇಲೆ ತರಬೇತಿ ಅಥವಾ ದಾಖಲೆ ಬರೆಯುವ ವಿಭಾಗಕ್ಕೆ ಹೋಗಬಹುದು. ಪಿ.ಜಿ. ಬಾಡಿಗೆ, ಊಟ, ಓಡಾಟ ಕಳೆದರೆ ಮೊದಲ ಸಂಬಳದಲ್ಲಿ ಮನೆಗೆ ಕಳುಹಿಸಲು ಎಷ್ಟು ಉಳಿಯುತ್ತದೆಂದು ಶಿವಮೊಗ್ಗದಲ್ಲೇ ಕೂತು ಲೆಕ್ಕ ಹಾಕಿ ಹೊರಡುವುದು ಒಳ್ಳೆಯದು. ‘ಕೆಲಸ ಗ್ಯಾರಂಟಿ’ ಎಂದು ಮುಂಗಡ ಹಣ ಕೇಳುವವರ ಬಳಿ ಹೋಗಬಾರದು. ಕೆಲಸ ಕೊಡುವ ಕಂಪನಿ ಕೆಲಸಗಾರರಿಂದ ಹಣ ಕೇಳುವುದಿಲ್ಲ.

ಪದವಿ ಮುಗಿದು ಕೆಲಸ ಸಿಗುವವರೆಗಿನ ತಿಂಗಳುಗಳ ಹಣಕಾಸನ್ನು ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳಬೇಕು. ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ಶಿವಮೊಗ್ಗದಲ್ಲೇ. ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆಯಿದು. ಉನ್ನತ ಶಿಕ್ಷಣ ಮುಂದುವರಿಸಿದವರಿಗೆ ಸಿಗುವುದಿಲ್ಲ, ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ಅರ್ಜಿಗಳ ಶುಲ್ಕಕ್ಕೂ ಪರೀಕ್ಷೆಗೆ ಹೋಗಿಬರುವ ಖರ್ಚಿಗೂ ಅದು ಆದೀತು, ಜೀವನಕ್ಕೆ ಆಗದು. ಮಗಳನ್ನು ಇನ್ನೆರಡು ವರ್ಷ ಓದಿಸುವುದೋ ಮದುವೆ ಮಾಡುವುದೋ ಎಂಬ ಮಾತು ಎಷ್ಟೋ ಮನೆಗಳಲ್ಲಿ ಈ ತಿಂಗಳುಗಳಲ್ಲೇ ಏಳುತ್ತದೆ. ಆಗ ‘ಓದಬೇಕು’ ಎಂಬ ಬರಿಯ ಹಠಕ್ಕಿಂತ, ‘ಇಂಥ ತಿಂಗಳಲ್ಲಿ ಈ ಪರೀಕ್ಷೆ, ಇಷ್ಟು ಖರ್ಚು, ಇಷ್ಟರೊಳಗೆ ಆಗದಿದ್ದರೆ ಈ ಇನ್ನೊಂದು ದಾರಿ’ ಎಂದು ಕಾಗದದ ಮೇಲೆ ಬರೆದು ಅಪ್ಪನ ಮುಂದೆ ಇಡುವ ಹುಡುಗಿಯ ಮಾತಿಗೆ ಬೆಲೆ ಬರುವುದನ್ನು ಕಂಡಿದ್ದೇನೆ.

ಕೊನೆಯದಾಗಿ ದಾಖಲೆಗಳ ವಿಷಯ. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅದಕ್ಕೂ ಮೊದಲು ನಾಲ್ಕು ವರ್ಷದ ಆನರ್ಸ್ ಅವಕಾಶವಿದ್ದ ಪದ್ಧತಿಯಲ್ಲಿ ಸೇರಿದವರ ಅಂಕಪಟ್ಟಿ ಬೇರೆ ಬಗೆಯಲ್ಲಿರುವುದರಿಂದ, ಅರ್ಜಿ ಹಾಕುವಾಗ ತಮ್ಮ ಮುಖ್ಯ ವಿಷಯ ಇಂಗ್ಲಿಷ್ ಎಂಬುದು ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿದೆಯೇ ಎಂದು ಅವರು ನೋಡಿಕೊಳ್ಳಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿಯ ಅಂಕಪಟ್ಟಿ, ಆಧಾರ್ ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿರಬೇಕು. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಇದ್ದರೂ ದಾಖಲೆ ಪರಿಶೀಲನೆಯ ದಿನ ತೊಡಕಾಗಬಹುದು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ವಲಸೆ ಪ್ರಮಾಣಪತ್ರ ಬೇಕು, ಘಟಿಕೋತ್ಸವದ ಪದವಿ ಪತ್ರ ಬರುವವರೆಗೆ ತಾತ್ಕಾಲಿಕ ಪದವಿ ಪ್ರಮಾಣಪತ್ರ ಬೇಕು. ಎರಡಕ್ಕೂ ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಕೊಟ್ಟರೆ ಬಿ.ಇಡಿ., ಎಂ.ಎ. ಪ್ರವೇಶದ ದಿನಾಂಕಗಳೊಳಗೆ ಕೈಗೆ ಸಿಗುತ್ತವೆ.